ಹಂಪಮ್ಮ ತಣಿಸಿದ ಕಲ್ಲು

ಹಂಪಮ್ಮನ ಉಗುರು ಯಾವಾಗ ನೋಡಿದರೂ ಕಪ್ಪಗಿರ್ತಾವೆ. ಏಳೆಂಟು ವರ್ಷದ ಹಿಂದೆ ನೀಲಿ ಇದ್ದವು. ಆಗ ಆಕಿ ಬಳ್ಳಾರಿಯ ಒಂದು ಜೀನ್ಸ್ ಘಟಕದಾಗ ಕೆಲಸ ಮಾಡ್ತಿದ್ದಳು. ಹೊಚ್ಚ ಹೊಸ ಪ್ಯಾಂಟಿನ ತೊಡಿಭಾಗಕ್ಕೆ ಬಡಿಗ್ಯಾರ ಉಪ್ಪುಕಾಗದ ಹಚ್ಚಿ ಉಜ್ಜಿ, ಯಾರೋ ನಾಲ್ಕು ವರ್ಷ ಹಾಕ್ಕೊಂಡು ತಿರುಗಿದಂಗ ಕಾಣಿಸೋದು ಆಕಿ ಕೆಲಸ. ಒಂದು ಚೂರು ಜೋರಾದರೆ ಬಟ್ಟಿ ಹರೀತೈತಿ, ಮೆತ್ತಗಾದರೆ ಬಣ್ಣ ಬಿಡಂಗಿಲ್ಲ. ಹದಿನಾಲ್ಕು ವರ್ಷ ಹಂಗ ಉಜ್ಜಿ ಉಜ್ಜಿ ಆಕಿ ಬೆರಳಿಗೆ ಕಣ್ಣು ಬಂದವು. ಎದಿಯಾಗ ಧೂಳು ಕುಂತು ಕೆಮ್ಮೂ ಬಂತು. ಡಾಕ್ಟರು ಬಿಡು ಅಂದಮ್ಯಾಲೆ ಅದನ್ನ ಬಿಟ್ಟು, ಸತ್ಯನಾರಾಯಣಪೇಟೆಯ ಸಂಶೋಧಕರ ಪರಿಷತ್ತಿನಾಗ ಕಸ ಹೊಡೆಯೋ ಕೆಲಸಕ್ಕೆ ಸೇರಿದಳು.

ನಾನು ಕೊಟ್ಟೂರಪ್ಪ. ನನ್ನದೊಂದು ಗೂಡ್ಸ್ ಗಾಡಿ ಐತಿ, ಪರಿಷತ್ತಿನವರು ಕರೆದಾಗ ಬಾಡಿಗಿ ಹೋಗ್ತೀನಿ. ಏಳನೇತ್ತ ಪಾಸಾಗಿ ಸಾಲಿ ಬಿಟ್ಟೋನು. ಹಂಪಮ್ಮನ ವಿಷಯ ಓದಿದೋರು ಯಾರಾದರೂ ಬರೀತಾರೆ ಅಂತ ಒಂದು ವರ್ಷ ಕಾದೆ. ಆ ಕಟ್ಟಡದಾಗ ಚಹಾ ತರೋನನ್ನ ಬಿಟ್ಟರೆ ಎಲ್ಲರೂ ಡಾಕ್ಟರೇಟು. ಒಬ್ಬರಾದರೂ ಪೆನ್ನು ತೆಗೀಲಿಲ್ಲ. ಸಿಟ್ಟು ಬಂತು. ಅದಕ್ಕೆ ನಾನೇ ಕುಂತು ಬರೀತಿದೀನಿ.

ಮೊದಲು ಈ ಪರಿಷತ್ತು ಏನು ಅಂತ ಹೇಳಬೇಕು, ಯಾಕಂದ್ರೆ ಬ್ರೂಸ್‌ಪೇಟೆಯಾಗ ನಿಂತು ಕೇಳಿದರೆ ಅರ್ಧ ಮಂದಿ "ಅದು ಮದುವಿ ಹಾಲ್ ಏನ್ರಿ?" ಅಂತಾರೆ. ಒಂದು ಹಳೇ ಮನಿ. ಮೂರು ಕೋಣಿ ತುಂಬ ಪುಸ್ತಕ. ಹಿತ್ತಲದಾಗ ಬೇವಿನಗಿಡ, ಅದರ ಬುಡಕ್ಕೆ ಯಾವುದೋ ಊರಿಂದ ತಂದು ನಿಲ್ಲಿಸಿದ ಮುರುಕು ವೀರಗಲ್ಲು. ಅಲ್ಲಿಗೆ ಎಲ್ಲಾ ನಮೂನಿ ಓದಿನವರೂ ಬರ್ತಾರೆ. ಮಣ್ಣು ನೋಡೋರು, ಹಾಡು ಬರಕೊಳ್ಳೋರು, ಮಳಿ ಲೆಕ್ಕ ಹಾಕೋರು, ಗಿಡದ ಎಲಿ ಒಣಗಿಸಿ ಪುಸ್ತಕದಾಗ ಅಂಟಿಸೋರು, ಕಲ್ಲಿನ ಮ್ಯಾಲಿನ ಶಾಸನ ಓದೋರು. ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯಂಗಿಲ್ಲ, ಆದರೂ ಒಂದೇ ಕಟ್ಟಿ ಮ್ಯಾಲೆ ಕುಂತು ಚಹಾ ಕುಡೀತಾರೆ. ಪರಿಷತ್ತು ಅವರಿಗೆ ಓದಾಕ ಪುಸ್ತಕ ಕೊಡ್ತೈತಿ, ಹಳ್ಳಿಗೆ ಹೋಗಾಕ ನನ್ನ ಗಾಡಿ ಕೊಡ್ತೈತಿ, ಪಂಚಾಯ್ತಿಯವರಿಗೆ ತೋರಿಸಾಕ ಪರಿಚಯದ ಪತ್ರ ಕೊಡ್ತೈತಿ. ಅವರು ಬರೆದದ್ದನ್ನ ವರ್ಷಕ್ಕೊಮ್ಮೆ ಪುಸ್ತಕ ಮಾಡಿ ಹೊರಗ ತರ್ತೈತಿ. ಮೈಸೂರು, ಧಾರವಾಡ ಅಂತ ಹೋಗಿ ರೂಮು ಮಾಡಾಕ ಆಗದ ನಮ್ಮ ಕಡಿ ಮಕ್ಕಳು ಎಷ್ಟೋ ಮಂದಿ ಅಲ್ಲೇ ಬೇವಿನಗಿಡದ ಕೆಳಗ ಕುಂತು ಪಿಎಚ್‌ಡಿ ಮುಗಿಸ್ಯಾರ. ಇದನ್ನ ನಾನು ಸಿಟ್ಟಿನಾಗೂ ಒಪ್ಪಬೇಕು.

ಹಂಪಮ್ಮ ಸೇರಿ ಒಂದು ತಿಂಗಳಾಗಿರಬೇಕು. ಹಿತ್ತಲದಾಗ ಐದಾರು ಮಂದಿ ಸಂಶೋಧನಾ ವಿದ್ಯಾರ್ಥಿಗಳು ವೀರಗಲ್ಲಿನ ಮ್ಯಾಲೆ ಪಡಿಯಚ್ಚು ತೆಗೆಯೋದು ಕಲೀತಿದ್ದರು. ಪಡಿಯಚ್ಚು ಅಂದ್ರೆ ಕಲ್ಲಿನಾಗ ಕೆತ್ತಿದ್ದನ್ನ ಇದ್ದದ್ದು ಇದ್ದಂಗ ಕಾಗದಕ್ಕೆ ಇಳಿಸೋದು. ಕಲ್ಲು ತೊಳೆದು, ಒದ್ದಿ ಕಾಗದ ಹಾಸಿ, ದಪ್ಪ ಕೂದಲಿನ ಬ್ರಷ್‌ನಿಂದ ಕುಟ್ಟಬೇಕು. ಕಾಗದ ಅಕ್ಷರದ ತಗ್ಗಿನೊಳಗ ಇಳೀತೈತಿ. ಆಮ್ಯಾಲೆ ಬಟ್ಟಿ ಉಂಡಿ ಮಸಿಯಾಗ ಅದ್ದಿ ಹಗೂರಕ್ಕೆ ತಟ್ಟಿದರೆ ಕಲ್ಲಿನ ಮೈ ಕಪ್ಪಾಗಿ, ತಗ್ಗಿನಾಗಿನ ಅಕ್ಷರ ಬೆಳ್ಳಗ ಉಳೀತಾವೆ. ಹೇಳಾಕ ಇಷ್ಟೇ. ಅವತ್ತು ಒಬ್ಬ ಹುಡುಗ ಹಗಸ್ಯಾರಂಗ ಕುಟ್ಟಿ ಮೂರನೇ ಕಾಗದ ಹರಿದ. ಪೊರಕಿ ಹಿಡಕೊಂಡು ನಿಂತಿದ್ದ ಹಂಪಮ್ಮ ನಕ್ಕುಬಿಟ್ಟಳು.

"ಯಾಕಮ್ಮಾ ನಗ್ತೀ?" ಅಂದ ಅವನು.

"ಏನಿಲ್ಲಪ್ಪಾ. ಅದು ಕಾಗದ ಐತಿ, ನಿನ್ನ ವೈರಿ ಅಲ್ಲ."

ಪರಿಷತ್ತಿನ ಕಾರ್ಯದರ್ಶಿ ಅರುಣಾ ಮೇಡಂ ಅಲ್ಲೇ ಇದ್ದರು. ಕಾಲೇಜಿನಾಗ ಸಸ್ಯಶಾಸ್ತ್ರ ಹೇಳಿಕೊಡೋರು. ಅವರು ಬೈಯಲಿಲ್ಲ. "ಹಂಪಮ್ಮಾ, ಹಂಗಾರ ನೀವು ಮಾಡಿ ತೋರಸ್ರಿ ನೋಡೋಣ" ಅಂದರು.

ಹಂಪಮ್ಮ ಪೊರಕಿ ಗ್ವಾಡಿಗೆ ಆನಿಸಿಟ್ಟು, ಸೆರಗು ಸಿಗಿಸಿ, ಮೊದಲು ಬರೇ ಕೈಯಿಂದ ಕಲ್ಲನ್ನೆಲ್ಲ ಸವರಿದಳು. ಆಮ್ಯಾಲೆ ಆ ಹುಡುಗನ ಬ್ರಷ್ ಇಸಕೊಂಡು ಕುಟ್ಟಾಕ ಶುರು ಮಾಡಿದಳು. ಅರ್ಧ ತಾಸಿನಾಗ ಆ ವೀರಗಲ್ಲಿನ ಕುದುರಿ, ಕತ್ತಿ, ಮ್ಯಾಲೆ ಕೆತ್ತಿದ ಎರಡು ಸಾಲು ಎಲ್ಲಾ ಕಾಗದದಾಗ ಎದ್ದು ನಿಂತವು. ಆ ಹುಡುಗ ಬ್ರಷ್ ವಾಪಸ್ ಕೇಳಲಿಲ್ಲ. ಅವತ್ತಿನಿಂದ ಬ್ರಷ್ ಆಕಿ ಕೈಯಾಗೇ ಉಳೀತು.

ಆರು ವರ್ಷ ನಾನು, ಆಕಿ, ಕಾಗದದ ಸುರುಳಿ, ಮಸಿ ಡಬ್ಬಿ, ಎರಡು ಕೊಡ ನೀರು. ರೂಪನಗುಡಿ, ಕುರುಗೋಡು, ಸಿರುಗುಪ್ಪ, ತಿರುಗದ ಹೊಲ ಇಲ್ಲ. ಸಿರುಗುಪ್ಪ ಆಕಿ ತವರೂರು. ಅಲ್ಲಿ ಹೊಳಿದಂಡಿಯ ಒಂದು ಕಲ್ಲಿನ ಹತ್ತಿರ ನಡೆದದ್ದನ್ನ ಹೇಳಲೇಬೇಕು. ಮಟಮಟ ಮಧ್ಯಾಹ್ನ ಮೂರು ಮಂದಿ ಸಂಶೋಧಕರು ಐದು ಕಾಗದ ಹಾಳು ಮಾಡಿದರು. ಹಾಸಿದ ಕಾಗದ ಕುಟ್ಟೋದರೊಳಗೇ ಒಣಗಿ ಹಪ್ಪಳದಂಗ ಎದ್ದು ನಿಲ್ತಿತ್ತು. ಮಸಿ ತಟ್ಟಿದರೆ ಅಕ್ಷರದ ಜಾಗದಾಗೂ ಕಪ್ಪು. "ಶಾಸನ ಸವೆದುಹೋಗಿದೆ" ಅಂತ ಬರಕೊಂಡು ಬಸ್ ಹತ್ತಿದರು.

ಹಂಪಮ್ಮ ಕಲ್ಲಿನ ಮ್ಯಾಲೆ ಅಂಗೈ ಇಟ್ಟು ಚಕ್ ಅಂತ ತೆಗೆದಳು. "ಅಣ್ಣಾ, ಇದು ಕಾದ ಹಂಚು ಐತಿ. ಇದರ ಮ್ಯಾಲೆ ಕಾಗದ ಹಾಸೋ ಬದಲು ರೊಟ್ಟಿ ಬಡೀಬಹುದಿತ್ತು" ಅಂದಳು.

ಅವತ್ತು ಸಂಜಿ ಆಕಿ ಕಲ್ಲಿಗೆ ಹಸಿ ಗೋಣಿಚೀಲ ಸುತ್ತಿಸಿದಳು. ನಮ್ಮ ಕಡಿ ಕುಡಿಯೋ ನೀರಿನ ಕೊಡಕ್ಕೆ ಸುತ್ತೋದಿಲ್ಲೇನು, ಹಂಗೇ. ಮರುದಿನ ಸೂರ್ಯ ಏಳೋದರೊಳಗ ಹೋಗಿ ಗೋಣಿ ಬಿಚ್ಚಿದರೆ ಕಲ್ಲು ಮಣ್ಣಿನ ಮಡಿಕಿಯಂಗ ತಣ್ಣಗಿತ್ತು. ಕಾಗದ ಮೈಗೆ ಅಂಟಿ ಕುಂತಿತು. ಸವೆದುಹೋಗಿದೆ ಅಂತ ಬರೆದಿದ್ದ ಕಲ್ಲಿನಾಗ ಹನ್ನೊಂದು ಸಾಲು ಸಿಕ್ಕವು.

ಆ ಹನ್ನೊಂದು ಸಾಲಿನ ಮ್ಯಾಲೆ ಆ ಮೂವರಾಗ ಒಬ್ಬರು ಲೇಖನ ಬರೆದರು. ವರ್ಷದ ಪುಸ್ತಕದಾಗ ಬಂತು. ಹಂಪಮ್ಮ ಅಕ್ಷರ ಕೂಡಿಸಿ ಕೂಡಿಸಿ ಓದಿದಳು. ನಾಲ್ಕನೇತ್ತ ಓದಿದಾಕಿ. ಕಡೀಗೆ "ನೆರವು: ಪರಿಷತ್ತಿನ ಸಿಬ್ಬಂದಿ" ಅಂತಿತ್ತು.

"ಇದರಾಗ ನಾನು ಎಲ್ಲಿ ಅದೀನಣ್ಣಾ?" ಅಂದಳು.

ನನಗೆ ಸಿಟ್ಟು ಬಂತು. ಅವತ್ತು ಗಾಡಿ ಗೇರು ಹಾಕೋದು ನೋಡಿ ಆಕಿನೇ "ಗಾಡಿ ಮ್ಯಾಲ್ಯಾಕ ತೀರಿಸ್ಕೋತೀ?" ಅಂದಳು. ಹಂಗ ಆರು ವರ್ಷ ಬರೀ ಸಿಬ್ಬಂದಿ. ಪರಿಷತ್ತಿನಾಗ ಹೆಸರು ಹಾಕಿ ಅಚ್ಚು ಮಾಡಬೇಕಂದ್ರೆ ಸದಸ್ಯರಾಗಿರಬೇಕು, ಸದಸ್ಯರಾಗಬೇಕಂದ್ರೆ ಎಂ.ಎ. ಆಗಿರಬೇಕು ಅಂತ ಎಲ್ಲರೂ ಹೇಳ್ತಿದ್ದರು.

ಈಗ ಕುರುಗೋಡಿನ ಒಂದು ಕಲ್ಲಿನ ವಿಷಯಕ್ಕೆ ಬರ್ತೀನಿ.

ಕುರುಗೋಡಿನಿಂದ ಎರಡು ಮೈಲಿ ಆಚೆ ಎರ್ರಮ್ಮ ಅನ್ನೋ ಮುದುಕಿಯ ಹೊಲ ಐತಿ. ಅದರ ಬದುವಿನ ಮ್ಯಾಲೆ ಒಂದು ಆಳೆತ್ತರದ ಕಲ್ಲು. ಒಂದು ಕಾಲಕ್ಕೆ ಅಲ್ಲೊಂದು ಕೆರಿ ಇತ್ತಂತೆ, ಈಗ ಹೂಳು ತುಂಬಿ ಹೊಲ ಆಗೇತಿ. ಕಲ್ಲಿನ ಮ್ಯಾಲ್ಭಾಗದ ಹದಿನಾಲ್ಕು ಸಾಲು ಕೆರಿ ಕಟ್ಟಿಸಿದೋನ ಹೊಗಳಿಕಿ. ಅದನ್ನ ಇಪ್ಪತ್ತೆಂಟು ವರ್ಷದ ಹಿಂದೆ ಓದಿ ಪುಸ್ತಕಕ್ಕೆ ಹಾಕಿದೋರು ದೊಡ್ಡಬಸವರಾಜ ಮೇಷ್ಟ್ರು. ಈಗ ಪರಿಷತ್ತಿನ ಅಧ್ಯಕ್ಷರು. ಎಪ್ಪತ್ತೆರಡು ವರ್ಷ, ಬಿಳೀ ಅಂಗಿ, ಮಾತು ಕಮ್ಮಿ. ಕೆಳಗಿನ ಒಂಬತ್ತು ಸಾಲಿನ ಜಾಗದಾಗ ಅವರು "ಪೂರ್ತಿ ಸವೆದಿದೆ" ಅಂತ ಬರೆದಿದ್ದರು. ಅಧ್ಯಕ್ಷರು ಬರೆದಮ್ಯಾಲೆ ಮುಗೀತು, ಮತ್ತೆ ಯಾರೂ ಆ ಕಲ್ಲಿಗೆ ಹೋಗಲಿಲ್ಲ.

ಹೋದ ವರ್ಷ ಫೆಬ್ರುವರಿಯಾಗ ಬ್ಯಾರೆ ಕೆಲಸಕ್ಕೆ ಹೋದಾಗ ಹಂಪಮ್ಮ ಆ ಕಲ್ಲಿನ ನೆರಳಿಗೆ ಕುಂತು ಬುತ್ತಿ ಬಿಚ್ಚಿದಳು. ಉಂಡು ಕೈ ತೊಳೆದು, ರೂಢಿಯಂತೆ ಕಲ್ಲಿನ ಬುಡ ಸವರಿದಳು. ಮತ್ತೊಮ್ಮೆ ಕಣ್ಣು ಮುಚ್ಚಿ ಸವರಿದಳು.

"ಕೊಟ್ಟೂರಣ್ಣಾ, ಇಲ್ಲಿ ಅಕ್ಷರ ಅದಾವ. ಬೆರಳಿಗೆ ಸಿಗ್ತಾವ. ಸುಣ್ಣ ಕುಂತೈತಿ, ತಗ್ಗು ಕಮ್ಮಿ ಐತಿ. ಆದ್ರ ಸವೆದಿಲ್ಲ."

ಎರಡು ದಿನ ಬಿಟ್ಟು ನಾವಿಬ್ಬರೂ ಬಂದು, ಸುಣ್ಣ ತೊಳೆದು, ಗೋಣಿ ಸುತ್ತಿ, ಮುಂಜಾನಿ ತಂಪಿನಾಗ ಅಚ್ಚು ತೆಗೆದೆವು. ಐದು ಸಾಲು ಚೊಲೋ ಬಂದವು, ಉಳಿದದ್ದು ಮಸುಕು. ಇದ್ದ ಒಂದೇ ದೊಡ್ಡ ಕಾಗದ ಅದು.

ಅರುಣಾ ಮೇಡಂ ಅದನ್ನ ನೋಡಿ ಕುಣಿದಾಡೋದೊಂದು ಬಾಕಿ. ಅವರೇ ಪರಿಷತ್ತಿನ ಹಳೇ ನಿಯಮದ ಪುಸ್ತಕ ತೆಗೆದು ಓದಿದರು. ಎಂ.ಎ. ಆಗಿರಬೇಕು ಅಂತ ಇದ್ದದ್ದು ಖರೆ. ಆದರೆ ಅದರ ಮುಂದಿನ ಸಾಲನ್ನ ನಲವತ್ತು ವರ್ಷದಾಗ ಯಾರೂ ಓದಿರಲಿಲ್ಲ. ಹೊಸ ಆಕರ ಒಂದನ್ನ ತಂದು ಪರಿಷತ್ತಿನ ಮುಂದಿಟ್ಟು, ಸಭೆ ಅದನ್ನ ಒಪ್ಪಿದರೆ, ಅಂಥವರೂ ಸದಸ್ಯರಾಗಬಹುದು ಅಂತಿತ್ತು. ಡಿಗ್ರಿ ಮಾತೇ ಇಲ್ಲ. ಮೇಡಂ ಹಂಪಮ್ಮನ ಹೆಸರಿನಾಗ ಅರ್ಜಿ ಬರೆದರು.

ಮಾರ್ಚಿನಾಗ ಕಾರ್ಯಕಾರಿ ಸಮಿತಿ ಕೂಡಿತು, ಹಂಪಮ್ಮನನ್ನೂ ಒಳಗ ಕರೆದರು. ನಾನು ಹೊರಗ ಕಟ್ಟಿ ಮ್ಯಾಲೆ ಕುಂತಿದ್ದೆ, ಕಿಟಕಿ ತೆರೆದಿತ್ತು. ದೊಡ್ಡಬಸವರಾಜ ಮೇಷ್ಟ್ರು ಭೂತಗನ್ನಡಿ ಹಿಡಿದು ಆ ಅಚ್ಚನ್ನ ಬಾಳ ಹೊತ್ತು ನೋಡಿದರು.

"ಏನಮ್ಮಾ, ಈ ಕಲ್ಲಿನ ನಾಲ್ಕು ಅಚ್ಚು ನಾನೇ ತೆಗೆದೀನಿ. ನಾಲ್ಕರಾಗೂ ಕೆಳಗ ಏನೂ ಇರಲಿಲ್ಲ. ಇದು ಮಸಿ ಹರಡಿದ ಕಲಿ ಇರಬೇಕು. ಇಲ್ಲಾಂದ್ರ..." ಅಂತ ನಿಲ್ಲಿಸಿದರು. "ಇಲ್ಲಾಂದ್ರ ಯಾರೋ ಕೈಯಿಂದ ತಿದ್ದ್ಯಾರ."

ಓದೋರಿಗೆ ಇದು ಸಣ್ಣ ಮಾತು ಅನ್ನಿಸಬಹುದು. ಈ ಕೆಲಸದಾಗ ಅಚ್ಚು ತಿದ್ದೋದು ಅಂದ್ರೆ ಕಳ್ಳತನಕ್ಕಿಂತ ಕೆಟ್ಟದ್ದು. ಹಿಂದೊಮ್ಮೆ ಯಾರೋ ಪುಣ್ಯಾತ್ಮ ಹಂಗ ತಿದ್ದಿ, ಪರಿಷತ್ತು ಪುಸ್ತಕದಾಗ ಕ್ಷಮೆ ಕೇಳಬೇಕಾಗಿ ಬಂದಿತ್ತು. ಮೇಷ್ಟ್ರಿಗೆ ಆ ಹೆದರಿಕಿ. ನನಗೆ ಹೆದರಿಕಿ ಗಿದರಿಕಿ ತಿಳೀಲಿಲ್ಲ. ಚಹಾ ಗ್ಲಾಸು ಕಟ್ಟಿ ಮ್ಯಾಲೆ ಕುಕ್ಕಿ ಒಳಗ ನುಗ್ಗಿದೆ.

"ಏನ್ರೀ ಮೇಷ್ಟ್ರೇ! ನಾನು ಕಣ್ಣಾರೆ ನೋಡೀನಿ! ಆಕಿ ಬ್ರಷ್ ಹಿಡಿದಾಗ ನೀವೆಲ್ಲ ಹಾಸಿಗ್ಯಾಗ ಇದ್ರಿ! ತಿದ್ದ್ಯಾಳಂತ, ತಿದ್ದ್ಯಾಳ!"

"ಕೊಟ್ಟೂರಪ್ಪಾ..." ಅಂದರು ಅರುಣಾ ಮೇಡಂ.

"ಏನು ಕೊಟ್ಟೂರಪ್ಪಾ? ಆರು ವರ್ಷ ಈಕಿ ದುಡಿಮಿ ಮ್ಯಾಲೆ ಎಷ್ಟು ಮಂದಿ ಡಾಕ್ಟರಾದ್ರಿ ಎಣಿಸ್ರಿ ನೋಡೋಣ!"

"ಅಣ್ಣಾ!" ಹಂಪಮ್ಮ ನನ್ನ ಕಡಿ ತಿರುಗಿದಳು. ಆಕಿ ಕಣ್ಣಾಗ ಒಂದು ಹನಿ ನೀರಿಲ್ಲ. "ಹೊರಗ ಹೋಗು. ಇದು ನನ್ನ ಜಗಳ, ನಿಂದಲ್ಲ."

ಹೋದೆ. ಕಿಟಕಿ ಹತ್ತಿರನೇ ನಿಂತೆ.

ಹಂಪಮ್ಮ ಅಂದಳು: "ಸಾರ್, ಏಪ್ರಿಲ್‌ನಾಗ ಸಮ್ಮೇಳನ ಐತಲ್ಲ. ಎಲ್ಲಾ ಸದಸ್ಯರೂ ಬರ್ತಾರ. ಅವರೆಲ್ಲರ ಕಣ್ಣಮುಂದ ಅದೇ ಕಲ್ಲಿನ ಅಚ್ಚು ತೆಗೀತೀನಿ. ಅಕ್ಷರ ಬಂದ್ರ ನನ್ನನ್ನ ಸದಸ್ಯೆ ಮಾಡ್ಕೊಳ್ರಿ, ನನ್ನ ಹೆಸರಿಲೆ ಅಚ್ಚು ಹಾಕಿಸ್ರಿ. ಬರಲಿಲ್ಲಂದ್ರ ತಿದ್ದೀನಿ ಅಂತ ನಾನೇ ಒಪ್ಪಿ, ಬ್ರಷ್ ಈ ಮೇಜಿನ ಮ್ಯಾಲಿಟ್ಟು ಮನಿಗೆ ಹೋಗ್ತೀನಿ. ಮತ್ತ ಯಾವ ಕಲ್ಲೂ ಮುಟ್ಟಂಗಿಲ್ಲ."

ಮೇಷ್ಟ್ರು ಭೂತಗನ್ನಡಿ ಮೇಜಿನ ಮ್ಯಾಲಿಟ್ಟು "ಆಗಲಿ" ಅಂದರು.

ಏಪ್ರಿಲ್ ಸಮ್ಮೇಳನದ ಕಾರ್ಯಕ್ರಮ ಅಚ್ಚಾಗಿ ಬಂತು. ಶನಿವಾರ ಬಳ್ಳಾರಿಯಾಗ ಭಾಷಣ. ಭಾನುವಾರ ಬಸ್ಸಿನಾಗ ಕುರುಗೋಡಿಗೆ, ದೇವಸ್ಥಾನ ನೋಡಿ, ಊಟ ಮಾಡಿ, ಒಂದೂವರಿಗೆ ಕಲ್ಲಿನ ಹತ್ತಿರ ಪಡಿಯಚ್ಚು. ಮಧ್ಯಾಹ್ನ ಒಂದೂವರಿ! ಏಪ್ರಿಲ್! ಅಲ್ಲಿ ಆ ಹೊತ್ತಿಗೆ ನಾಯಿ ಸೈತ ನೆರಳು ಬಿಟ್ಟು ಬರಂಗಿಲ್ಲ.

ಹಂಪಮ್ಮ ಮೇಷ್ಟ್ರ ಹತ್ತಿರ ಹೋಗಿ ಕೇಳಿದಳು. "ಸಾರ್, ಮುಂಜಾನಿ ಆರಕ್ಕ ಇಡ್ರಿ."

"ನೂರಾ ಹತ್ತು ಮಂದಿನ್ನ ಆರಕ್ಕ ಎಬ್ಬಿಸಿ ಕರಕೊಂಡು ಬರಾಕ ಆಗ್ತೈತೇನಮ್ಮಾ? ಬಸ್ಸಿಗೆ ಹೇಳೇವಿ, ಊಟಕ್ಕ ಹೇಳೇವಿ. ಎಂಟುನೂರು ವರ್ಷದಿಂದ ಅಲ್ಲೇ ನಿಂತಿರೋ ಕಲ್ಲಿಗೆ ಮುಂಜಾನಿ ಏನು, ಮಧ್ಯಾಹ್ನ ಏನು?"

ಅವರು ಬೇಕಂತ ಹಂಗ ಮಾಡಲಿಲ್ಲ. ಇದನ್ನ ಈಗ ಹೇಳ್ತೀನಿ, ಆಗ ನಾನು ನಂಬಿರಲಿಲ್ಲ. ಓದಿದೋರಿಗೆ ಕಲ್ಲಿನ ವಯಸ್ಸು ಗೊತ್ತು, ಜ್ವರ ಗೊತ್ತಿಲ್ಲ.

ಹಂಪಮ್ಮನ ಗಂಡ ಶೇಖರ್ ಬ್ರೂಸ್‌ಪೇಟೆಯಾಗ ಹಮಾಲಿ. ಶನಿವಾರ ಸಂಜಿ ಅವನು ನಲವತ್ತು ಹರಕು ಗೋಣಿಚೀಲ ಹೊತ್ತು ತಂದು ನನ್ನ ಗಾಡಿಗೆ ಎಸೆದ.

"ಏನ್ಲೇ ಹಂಪಿ, ಕಲ್ಲಿಗೆ ಮದುವೀನಾ? ಇಷ್ಟು ಬಟ್ಟಿ!"

"ಹೂಂ. ನಮ್ಮ ಮದುವ್ಯಾಗ ನೀನು ಇಷ್ಟು ತಂದಿರಲಿಲ್ಲ, ಬಾ, ಹತ್ತು" ಅಂದಳು ಆಕಿ.

ಹೊತ್ತು ಮುಳುಗೋದರೊಳಗ ಕಲ್ಲಿಗೆ ನಾಲ್ಕು ಸುತ್ತು ಗೋಣಿ ಸುತ್ತಿ, ಹಗ್ಗ ಬಿಗಿದು, ನೀರು ಹೊಡೆದು ಬಂದೆವು. ಭಾನುವಾರ ಆರಕ್ಕೆ ಮತ್ತೆ ಅಲ್ಲಿ. ಎರ್ರಮ್ಮನ ಬೋರು ಇತ್ತು, ಪೈಪು ಇತ್ತು. ಅರ್ಧ ತಾಸಿಗೊಮ್ಮೆ ಕಲ್ಲಿಗೆ ನೀರು. ಮುದುಕಿ ಬದುವಿನ ಮ್ಯಾಲೆ ಕುಂತು ನೋಡಿ ನೋಡಿ, "ನನ್ನ ಬದನಿಗಿಡಕ್ಕೂ ಇಷ್ಟು ಚಾಕರಿ ಇಲ್ಲ ಕಣವ್ವಾ" ಅಂದಳು.

ಹತ್ತಕ್ಕೆ ಕರೆಂಟು ಹೋಯಿತು. ಮೂರು ತಾಸು ಬರಂಗಿಲ್ಲ.

ಶೇಖರನೂ ನಾನೂ ಮುಖ ಮುಖ ನೋಡಿದೆವು. ಎರ್ರಮ್ಮ ಎದ್ದು, ದನದ ತೊಟ್ಟಿ ತೋರಿಸಿ, "ಅದರಾಗ ಐತಿ. ನನ್ನ ಎಮ್ಮಿ ಸಂಜಿತನಕ ತಡಕೋತಾವ" ಅಂದಳು. ತೊಟ್ಟಿಯಿಂದ ಕಲ್ಲಿಗೆ ಇನ್ನೂರು ಹೆಜ್ಜಿ. ನೂರಾಯಿಪ್ಪತ್ತು ಕೊಡ ಹೊತ್ತೆವು. ಕಡಿಕಡೀಗೆ ನನಗೆ ಬಯ್ಯಾಕೂ ಉಸಿರಿರಲಿಲ್ಲ. ಅದನ್ನ ನೋಡಿ ಹಂಪಮ್ಮ, "ಅಣ್ಣಾ, ದಿನಾ ಇಷ್ಟು ನೀರು ಹೊತ್ರ ಒಳ್ಳೆ ಮನಿಷಾ ಆಗ್ತೀ ನೀನು" ಅಂದಳು.

ಒಂದೂವರಿಗೆ ಬಸ್ಸು ಬಂದವು. ಊಟ ಮಾಡಿ ಕಣ್ಣು ಎಳೀತಿದ್ದ ನೂರಾ ಹತ್ತು ಮಂದಿ, ಟೋಪಿ, ಛತ್ರಿ, ತಲಿಮ್ಯಾಲೆ ಕಾರ್ಯಕ್ರಮದ ಪುಸ್ತಕ. ಸುತ್ತ ನಿಂತರು. ಹಂಪಮ್ಮ ಹಗ್ಗ ಬಿಚ್ಚಿ ಗೋಣಿ ತೆಗೆದಳು. ನಾನು ಕೈ ಇಟ್ಟು ನೋಡಿದೆ. ತಣ್ಣಗಿತ್ತು. ಗೆದ್ದೆವು ಅಂದ್ಕೊಂಡೆ.

ಆಕಿ ಕಾಗದ ಹಾಸಿ ಕುಟ್ಟಾಕ ಹತ್ತಿದಳು. ಮ್ಯಾಲಿಂದ ಶುರು ಮಾಡಿ ಅರ್ಧಕ್ಕೂ ಬಂದಿರಲಿಲ್ಲ, ಮ್ಯಾಲಿನ ಮೂಲಿ ಒಣಗಿ ಎದ್ದಿತು. ಕಲ್ಲು ತಣ್ಣಗಿದ್ದರೇನು, ನೆತ್ತಿ ಮ್ಯಾಲಿನ ಬಿಸಿಲು ಬಿಡಬೇಕಲ್ಲ! ಆಮ್ಯಾಲೆ ಬಿಸಿಗಾಳಿ ಒಂದು. ಎದ್ದ ಮೂಲಿ ಪಟಪಟ ಬಡಕೊಂಡು, ಇಡೀ ಕಾಗದ ಕಲ್ಲು ಬಿಟ್ಟು ನಡುವೆ ಸೀಳಿತು.

ಮಂದಿ ಗುಸುಗುಸು ಅಂತು. ಹಿಂದೆ ಯಾರೋ "ಸಾಕು ಬಿಡ್ರಿ, ಬಸ್ಸಿನಾಗ ಕೂಡೋಣ" ಅಂದರು. ದೊಡ್ಡಬಸವರಾಜ ಮೇಷ್ಟ್ರು ಕೆಳಗ ನೋಡ್ತಾ ನಿಂತರು. ನಾನು ಯಾರ ಕೊರಳಪಟ್ಟಿ ಹಿಡೀಲಿ ಅಂತ ಹುಡುಕ್ತಿದ್ದೆ.

ಹಂಪಮ್ಮ ಹರಿದ ಕಾಗದ ಮುದ್ದಿ ಮಾಡಿ ಒಗೆದಳು. ಇನ್ನೊಂದೇ ಕಾಗದ ಉಳಿದಿತ್ತು. ಮೊದಲು ಗೋಣಿ ಎತ್ತಿ ಮತ್ತೆ ಕಲ್ಲಿಗೆ ಸುತ್ತಿದಳು, ಉಳಿದಿದ್ದ ನೀರೆಲ್ಲ ಸುರಿದಳು. ಆಮ್ಯಾಲೆ ಮಂದಿ ಕಡಿ ತಿರುಗಿ, ಜೀನ್ಸ್ ಘಟಕದಾಗ ಮಷೀನಿನ ಸಪ್ಪಳ ಮೀರಿ ಕೂಗೋ ದನಿಯಾಗ ಕೂಗಿದಳು.

"ನೋಡ್ರಿ! ನನಗ ನೆರಳು ಬೇಕು! ಕೊಟ್ಟೂರಣ್ಣಾ, ಗಾಡ್ಯಾಗಿನ ತಾಡಪತ್ರಿ ತಾ! ಸಾರ್‌ಗೋಳ್ರಾ, ಸುಮ್ಮನ ನಿಂತು ಏನ್ ನೋಡ್ತೀರಿ? ಬಂದು ಹಿಡೀರಿ!"

ತಾಡಪತ್ರಿ ಬಂತು, ಕಂಬ ಇಲ್ಲ. ಮಣ್ಣಿನ ವಿಜ್ಞಾನಿ ಹುಲಿಗೇಶ್ ಸಾರ್ ಮೊದಲು ಒಂದು ಮೂಲಿ ಹಿಡಿದರು. ಅರುಣಾ ಮೇಡಂ ಇನ್ನೊಂದು. ಹಾಡು ಸಂಗ್ರಹ ಮಾಡೋರು, ಮಳಿ ಲೆಕ್ಕದವರು ಅಂಚಿಗೆ ಕೈ ಹಾಕಿದರು. ಗಾಳಿ ಬರೋ ಕಡಿ ಇಪ್ಪತ್ತು ಮಂದಿ ವಿದ್ಯಾರ್ಥಿಗಳು ಗ್ವಾಡಿಯಂಗ ಒತ್ತಿ ನಿಂತರು. ನಾಲ್ಕನೇ ಮೂಲಿ ಖಾಲಿ ಇತ್ತು. ದೊಡ್ಡಬಸವರಾಜ ಮೇಷ್ಟ್ರು ಅಂಗಿ ತೋಳು ಮಡಚಿ ಬಂದು ಅದನ್ನ ಹಿಡಿದರು.

ಇಪ್ಪತ್ತು ನಿಮಿಷ ಹಂಗೇ ನಿಲ್ಲಿಸಿದಳು. ಯಾರೋ "ಶುರು ಮಾಡಮ್ಮಾ" ಅಂದದ್ದಕ್ಕೆ, "ಕಲ್ಲು ಹೇಳ್ಬೇಕು, ನೀವಲ್ಲ" ಅಂದಳು. ಕಡೀಗೆ ಗೋಣಿ ತೆಗೆದು, ಕಾಗದ ಹಾಸಿ, ಈ ಸಲ ಕೆಳಗಿನಿಂದ ಶುರು ಮಾಡಿದಳು. ಟಪ್ ಟಪ್ ಟಪ್. ಆ ಸಪ್ಪಳ ಬಿಟ್ಟರೆ ಆ ಹೊಲದಾಗ ಬ್ಯಾರೆ ಸಪ್ಪಳ ಇರಲಿಲ್ಲ. ಕಾಗದ ಕಲ್ಲಿಗೆ ಚರ್ಮದಂಗ ಅಂಟಿ ಕುಂತಿತು. ಬ್ರಷ್ ಇಟ್ಟು ಬಟ್ಟಿ ಉಂಡಿ ಮಸಿಯಾಗ ಅದ್ದಿ, ತನ್ನ ಅಂಗೈಗೆ ಎರಡು ಸಲ ಒತ್ತಿ ಹೆಚ್ಚಿನದ್ದು ತೆಗೆದು, ತಟ್ಟಾಕ ಹತ್ತಿದಳು.

ಮೊದಲು ಒಂದು ಬಿಳೀ ಗೆರಿ. ಅದರ ಪಕ್ಕ ಇನ್ನೊಂದು. ಒಂದು ಅಕ್ಷರ. ಆಮ್ಯಾಲೆ ಸಾಲು ಪೂರ್ತಿ.

"ಅಯ್ಯಯ್ಯೋ!" ಅಂದರು ಹುಲಿಗೇಶ್ ಸಾರ್.

ಮೇಷ್ಟ್ರು ಬಗ್ಗಿದರು. ಇನ್ನೂ ಬಗ್ಗಿದರು. ತುಟಿ ಅಲ್ಲಾಡ್ತಿದ್ದವು. ಬಗ್ಗೋ ಭರದಾಗ ಕೈ ಕೆಳಗ ಬಂತು, ತಾಡಪತ್ರಿ ಇಳಿದು ಕಾಗದದ ಮ್ಯಾಲೆ ಬಿಸಿಲು ಬಿತ್ತು.

"ಸಾರ್! ಮೂಲಿ ಬಿಡಬ್ಯಾಡ್ರಿ!" ಅಂತ ಹಂಪಮ್ಮ ಗದರಿಸಿದಳು.

"ಆಯ್ತಮ್ಮಾ, ಆಯ್ತು" ಅಂತ ಅಧ್ಯಕ್ಷರು ಕೈ ಎತ್ತಿ ನೆಟ್ಟಗ ನಿಂತರು. ನಾನು ಸತ್ತರೂ ಮರೆಯಂಗಿಲ್ಲ ಅದನ್ನ.

ಅಲ್ಲಿಂದಲೇ, ಕೈ ಮ್ಯಾಲಿಟ್ಟುಕೊಂಡೇ, ಕುತ್ತಿಗಿ ಉದ್ದ ಮಾಡಿ ಅವರು ಒಂದೊಂದೇ ಸಾಲು ಓದಿ ಅರ್ಥ ಹೇಳ್ತಾ ಹೋದರು. ಮೂಡಲ ಹೊಲಕ್ಕೆ ಮೂರು ದಿನ ನೀರು. ಪಡುವಲ ಹೊಲಕ್ಕೆ ನಾಲ್ಕು ದಿನ, ಅಲ್ಲಿಯ ಮಣ್ಣು ಕರೀ ಎರಿ ಅಲ್ಲ, ಉಸುಕು ಬೆರೆತ ಮಸಬು, ನೀರು ನಿಲ್ಲಂಗಿಲ್ಲ ಅಂತ. ಕೆರಿ ಏರಿ ಕಾಯೋ ಮಂದಿಗೆ ಇಷ್ಟು ಜ್ವಾಳ. ತೂಬು ಎತ್ತೋದು ಯಾರ ಹಕ್ಕು, ಜಗಳ ಬಂದರೆ ಯಾರ ಮಾತು ಕೊನಿ. ಒಂಬತ್ತಕ್ಕೆ ಒಂಬತ್ತೂ ಸಾಲು. ಹುಲಿಗೇಶ್ ಸಾರ್ ನಡುವೆ ಕೂಗಿದರು: "ಮಸಬು ಅಂದ್ರಾ? ಪಡುವಲಕ್ಕಾ? ಖರೇನೇ ಐತ್ರೀ, ಹೋದ ವರ್ಷ ನಾನು ಇದೇ ಹೊಲದ ಮಣ್ಣು ಪರೀಕ್ಷೆ ಮಾಡೀನಿ!" ಮಳಿ ಲೆಕ್ಕದವರು ಅವರನ್ನ ಏನೋ ಕೇಳಿದರು, ಹಾಡಿನವರು ಇನ್ನೇನೋ ಕೇಳಿದರು. ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿದದ್ದನ್ನ ಅವತ್ತೇ ನಾನು ಮೊದಲು ನೋಡಿದ್ದು.

ಓದು ಮುಗಿದಮ್ಯಾಲೆ ಮೇಷ್ಟ್ರು ಎಲ್ಲರಿಗೂ ಕೇಳೋ ಹಂಗ ಅಂದರು: "ಇಪ್ಪತ್ತೆಂಟು ವರ್ಷದ ಹಿಂದ ನಾನು ಮೇ ತಿಂಗಳಾಗ, ಮಧ್ಯಾಹ್ನ ಎರಡಕ್ಕ, ಒಂದು ತಂಬಿಗಿ ನೀರು ಹಿಡಕೊಂಡು ಬಂದಿದ್ದೆ. ನಾಲ್ಕು ಸಲ ಹಾಸಿದರೂ ಕೆಳಗ ಕಾಗದ ನಿಲ್ಲಲಿಲ್ಲ. ಕಲ್ಲು ಸವೆದೈತಿ ಅಂತ ಬರೆದೆ. ಕಲ್ಲು ಸವೆದಿರಲಿಲ್ಲ. ಮತ್ತ ಹಂಪಮ್ಮನ ಅಚ್ಚನ್ನ ನೋಡಿ ತಿದ್ದ್ಯಾರ ಅಂದೆ. ಅದು ಇದಕ್ಕಿಂತ ದೊಡ್ಡ ತಪ್ಪು. ಎರಡನ್ನೂ ಪುಸ್ತಕದಾಗ ಬರೀತೀನಿ." ಉಸಿರು ತಗೊಂಡು, "ಹಂಪಮ್ಮನವರನ್ನ ಪರಿಷತ್ತಿನ ಸದಸ್ಯರನ್ನಾಗಿ ಮಾಡಿಕೊಳ್ಳೋದಕ್ಕ ಒಪ್ಪಿಗಿ ಇದ್ದೋರು ಕೈ ಎತ್ರಿ" ಅಂದರು.

ತಾಡಪತ್ರಿ ಹಿಡಿದೋರು ಕೈ ಎತ್ತಿಕೊಂಡೇ ಇದ್ದರು. ಉಳಿದವರೂ ಎತ್ತಿದರು. ಸದಸ್ಯ ಅಲ್ಲದ ಶೇಖರ್ ಎರಡೂ ಕೈ ಎತ್ತಿದ. ಎರ್ರಮ್ಮ ಒಂದು ಎತ್ತಿದಳು. ವಿದ್ಯಾರ್ಥಿಗಳು ಸೀಟಿ ಹೊಡೆದರು. ನಾನು ಏನು ಮಾಡಿದೆ ಗೊತ್ತಿಲ್ಲ, ಗಂಟಲು ಮೂರು ದಿನ ಕೂತಿತ್ತು.

ಮೇಷ್ಟ್ರು "ಮುಂದ ಬರ್ರಿ ಹಂಪಮ್ಮಾ, ಎರಡು ಮಾತು ಹೇಳ್ರಿ" ಅಂದರು. ‘ಏನಮ್ಮಾ’ ಅನ್ನೋದು ಹೋಗಿ ‘ಬರ್ರಿ’ ಅನ್ನೋ ಮರ್ಯಾದಿ ಬಂದಿತ್ತು, ನೋಡ್ರಿ.

"ತಡೀರಿ ಸಾರ್, ಕಾಗದ ಇನ್ನಾ ಹಸಿ ಐತಿ. ಒಣಗೋತನಕ ಯಾರೂ ತಾಡಪತ್ರಿ ಬಿಡಂಗಿಲ್ಲ" ಅಂದಳು. ಆಕಿ ಭಾಷಣ ಅಷ್ಟೇ. ಬಸ್ಸಿನ ಡ್ರೈವರು ಎರಡು ಸಲ ಹಾರ್ನ್ ಹೊಡೆದ. ಯಾರೂ ಅಲ್ಲಾಡಲಿಲ್ಲ. ಹದ ನೋಡಿ ಆಕಿ ಕಾಗದವನ್ನ ಕಲ್ಲಿನಿಂದ ಬಿಡಿಸಿ, ಎರಡೂ ಕೈಯಾಗ ಹಿಡಿದು ತಲಿಮ್ಯಾಲೆ ಎತ್ತಿ ತೋರಿಸಿದಳು. ಅದರ ಹಿಂದೆ ಆಕಿ ಪೂರ್ತಿ ಮುಚ್ಚಿಹೋಗಿದ್ದಳು, ಎರಡು ಕರೀ ಕೈ ಅಷ್ಟೇ ಕಾಣ್ತಿದ್ದವು.

ಆ ವರ್ಷದ ಪುಸ್ತಕ ದೀಪಾವಳಿಗೆ ಬಂತು. ಮೊದಲ ಲೇಖನಾನೇ ಕುರುಗೋಡಿನ ಕಲ್ಲಿಂದು. ಮ್ಯಾಲೆ ಎರಡು ಹೆಸರು, ಮೊದಲನೇದು ಹಂಪಮ್ಮ, ಎರಡನೇದು ದೊಡ್ಡಬಸವರಾಜ. ಆ ಕ್ರಮ ಮೇಷ್ಟ್ರೇ ಹೇಳಿ ಹಾಕಿಸಿದ್ದು. ಅವರ ಮ್ಯಾಲೆ ನನಗಿದ್ದ ಸಿಟ್ಟು ಮುಕ್ಕಾಲು ಇಳಿದೈತಿ, ಕಾಲು ಭಾಗ ಇಟ್ಟುಕೊಂಡೀನಿ.

ಈಗ ಪರಿಷತ್ತಿನಾಗ ಕಸ ಹೊಡೆಯೋಕೆ ಬ್ಯಾರೆಯವರು ಬಂದಾರೆ. ಪಡಿಯಚ್ಚಿನ ತರಬೇತಿ ಪೂರ್ತಿ ಹಂಪಮ್ಮನದೇ. ಕ್ಷೇತ್ರಕಾರ್ಯದ ವೇಳೆ ಗೊತ್ತು ಮಾಡೋದೂ ಆಕಿನೇ: ಮುಂಜಾನಿ ಐದೂವರಿಗೆ ಬೇವಿನಗಿಡದ ಹತ್ತಿರ ಗಾಡಿ ನಿಂತಿರ್ತೈತಿ. ವಿಶ್ವವಿದ್ಯಾಲಯದೋರಿರಲಿ, ಯಾರೇ ಇರಲಿ, ಬರಲಿಲ್ಲಂದ್ರೆ ಕಾಯಂಗಿಲ್ಲ. ಹೋದ ತಿಂಗಳು ಸಿರುಗುಪ್ಪಕ್ಕೆ ಹೊರಟಾಗ ಇಬ್ಬರು ಪ್ರೊಫೆಸರು ಲಾಡ್ಜಿನಾಗ ಮಲಗಿಬಿಟ್ಟಿದ್ದರು. ನಾನು "ಹತ್ತು ನಿಮಿಷ ನೋಡೋಣೇನು?" ಅಂದೆ. ಆಕಿ ಆಕಾಶದ ಕಡಿ ನೋಡಿ, "ನಡಿಯಣ್ಣಾ" ಅಂದಳು. ನಡೆದೆವು.